ಟವೆಲ್ ಕೆಳಗಿನ ಬೆರಳು

ತುಮಕೂರಿನಿಂದ ಶಿರಾ ಕಡೆ ಹೊರಟರೆ ಹೆದ್ದಾರಿ ಪಕ್ಕದಲ್ಲೇ ಅಂತರಸನಹಳ್ಳಿ. ಒಂದು ಕಡೆ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ತರಕಾರಿ ಮಾರುಕಟ್ಟೆ. ನಮ್ಮ ದೊಡ್ಡಪ್ಪ ಕೋರ ಹೋಬಳಿಯ ಹಳ್ಳಿಯಿಂದ ಟೊಮ್ಯಾಟೊ ತರೋದು ಈ ಮಾರುಕಟ್ಟೆಗೇ. ಇಂಜಿನಿಯರಿಂಗ್ ಓದುವಾಗ ನಾನೂ ಎಷ್ಟೋ ಸಲ ಬೆಳಗಿನ ಜಾವ ಅವರ ಜೊತೆ ಬಾಕ್ಸ್ ಇಳಿಸಿ, ಅದೇ ಕೈಯಲ್ಲಿ ಕಾಲೇಜಿಗೆ ಹೋಗಿದ್ದೀನಿ. ಟಿವಿಗೆ ಬಂದ ಮೇಲೆ ಅಲ್ಲಿಗೆ ಹೋಗೋದು ಕಡಿಮೆಯಾಯ್ತು.

2019ರ ಲೋಕಸಭಾ ಚುನಾವಣೆ ಸಮಯ. ಒಂದು ರಾತ್ರಿ ಒಂಬತ್ತರ ಕಾರ್ಯಕ್ರಮದಲ್ಲಿ ನಾನು ಒಂದು ಸಮೀಕ್ಷೆ ಓದಿದೆ. ಬಣ್ಣಬಣ್ಣದ ಚಾರ್ಟು, ಕ್ಷೇತ್ರವಾರು ಅಂಕಿ, ದಶಮಾಂಶ ಬೇರೆ. ಅದು ಬಂದಿದ್ದು ವಾಟ್ಸಾಪ್‌ನಲ್ಲಿ, ಒಂದು ಪಕ್ಷದ ಪ್ರಚಾರ ನೋಡಿಕೊಳ್ತಿದ್ದ ಪರಿಚಿತರಿಂದ. ನಾನು ತೆರೆ ಮೇಲೆ ಹೇಳಿದ್ದು "ನಮಗೆ ಲಭ್ಯವಾಗಿರುವ ಆಂತರಿಕ ಸಮೀಕ್ಷೆ" ಅಂತ. ಮಾರನೇ ದಿನ ವರದಿಗಾರಿಕೆಗೆ ಅಂತ ತುಮಕೂರಿಗೆ ಬಂದವನು ಮಾರುಕಟ್ಟೆಗೂ ಹೋದೆ. ದೊಡ್ಡಪ್ಪ ಬಾಕ್ಸ್ ಮೇಲೆ ಕೂತು ಟೀ ಕುಡೀತಿದ್ದರು. ನೋಡಿದವರೇ ಕೇಳಿದರು:

"ಏನ್ಲಾ, ನೆನ್ನೆ ರಾತ್ರಿ ಟೀವೀಲಿ ಅದೇನೋ ಲೆಕ್ಕ ಓದ್ದಲ್ಲ, ಅದ್ನ ನಿಂಗೆ ಯಾರ್ ಕೊಟ್ರು?"

"ಮೂಲಗಳು ದೊಡ್ಡಪ್ಪ" ಅಂದೆ.

"ಯಾವ್ ಮೂಲೆ? ನಮ್ಮೂರಲ್ಲಂತೂ ಯಾರೂ ಬಂದು ಕೇಳ್ನಿಲ್ಲ."

ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ನಾನು ಓದಿದ್ದು ಸುದ್ದಿಯೋ, ಯಾರೋ ನನ್ನ ಬಾಯಲ್ಲಿ ಹೇಳಿಸಿದ ಮಾತೋ? ಆ ಚಾರ್ಟ್‌ನಲ್ಲಿ ಎಷ್ಟು ಜನರನ್ನು ಕೇಳಿದ್ದಾರೆ, ಯಾವಾಗ ಕೇಳಿದ್ದಾರೆ ಅಂತ ಒಂದು ಸಾಲೂ ಇರಲಿಲ್ಲ. ಇಂಜಿನಿಯರಿಂಗ್ ಲ್ಯಾಬ್‌ನಲ್ಲಿ ಅಂಥ ರೀಡಿಂಗ್ ಬರೆದುಕೊಂಡು ಹೋಗಿದ್ದರೆ ಮೇಷ್ಟ್ರು ರೆಕಾರ್ಡ್ ಬುಕ್ ಎಸೀತಿದ್ದರು.

ಆ ವಾರವೇ ಕೂತು ಒಂದು ಹಳೇ ಸಾಕ್ಷ್ಯಚಿತ್ರ ನೋಡಿದೆ. ಹೆಸರು 'ದ ವಾರ್ ರೂಮ್'. ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಪ್ರಚಾರವನ್ನು ಒಳಗಿನಿಂದ ತೋರಿಸುವ ಚಿತ್ರ. ಇವತ್ತು ನಮ್ಮಲ್ಲಿ ಕಾರ್ಪೊರೇಷನ್ ಚುನಾವಣೆಗೂ 'ವಾರ್ ರೂಮ್' ಅಂತ ಬೋರ್ಡ್ ಹಾಕ್ತಾರಲ್ಲ, ಆ ಪದವನ್ನು ಊರೂರಿಗೆ ಮುಟ್ಟಿಸಿದ್ದರಲ್ಲಿ ಈ ಚಿತ್ರದ ಪಾಲು ದೊಡ್ಡದು.

ಮೊದಲು ಕಥೆ ಏನು ಅಂತ ನೋಡೋಣ. 1992ರಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದವರು ಜಾರ್ಜ್ ಬುಷ್, ಅಂದರೆ ಅಪ್ಪ ಬುಷ್. ಎದುರಾಳಿ ಅರ್ಕಾನ್ಸಾ ಅನ್ನೋ ಸಣ್ಣ ರಾಜ್ಯದ ಗವರ್ನರ್ ಬಿಲ್ ಕ್ಲಿಂಟನ್. ಮೂರನೆಯವರು ಉದ್ಯಮಿ ರಾಸ್ ಪೆರೋ. ಪೆನ್ನೆಬೇಕರ್ ಮತ್ತು ಅವರ ಪತ್ನಿ ಕ್ರಿಸ್ ಹೆಜೆಡಸ್ ಎಂಬ ಇಬ್ಬರು ಚಿತ್ರ ನಿರ್ದೇಶಕರು ಕ್ಲಿಂಟನ್ ಬಗ್ಗೆ ಚಿತ್ರ ಮಾಡಬೇಕು ಅಂತ ಹೊರಟರು. ಅಭ್ಯರ್ಥಿಯ ಹತ್ತಿರ ಹೆಚ್ಚು ಬಿಟ್ಟುಕೊಳ್ಳಲಿಲ್ಲ. ಸರಿ, ಅಭ್ಯರ್ಥಿ ಬೇಡ, ಅವರನ್ನು ಗೆಲ್ಲಿಸೋಕೆ ಹೊರಟವರ ಕೋಣೆಯಲ್ಲಿ ಕ್ಯಾಮೆರಾ ಇಡೋಣ ಅಂದುಕೊಂಡರು. ಲಿಟ್ಲ್ ರಾಕ್ ಎಂಬ ಊರಿನ ಆ ಪ್ರಚಾರ ಕಚೇರಿಯೇ ವಾರ್ ರೂಮ್. ಬಾಗಿಲು ಪೂರ್ತಿ ತೆರೆಯದೇ ಇದ್ದದ್ದೇ ಚಿತ್ರಕ್ಕೆ ವರವಾಯ್ತು. ಇಡೀ ಚಿತ್ರದಲ್ಲಿ ಕ್ಲಿಂಟನ್ ಆಗಾಗ ಬಂದು ಹೋಗುವ ಅತಿಥಿ. ನಾಯಕರು ಇಬ್ಬರು. ಪ್ರಚಾರದ ತಂತ್ರಗಾರ ಜೇಮ್ಸ್ ಕಾರ್ವಿಲ್, ಮತ್ತು ಸಂವಹನ ನೋಡಿಕೊಳ್ತಿದ್ದ, ಮೂವತ್ತೊಂದು ವರ್ಷದ ಜಾರ್ಜ್ ಸ್ಟೆಫನೊಪೊಲಸ್.

ನಮ್ಮ ಭಾಗದ ಒಂದು ಉದಾಹರಣೆ ಕೊಟ್ಟರೆ ಇದು ಸಲೀಸಾಗಿ ಅರ್ಥ ಆಗುತ್ತೆ. ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ತರಕಾರಿ ಹರಾಜು ಕೂಗ್ತಾರೆ. ಬೆಲೆ ಎಲ್ಲರ ಕಿವಿಗೂ ಬೀಳುತ್ತೆ. ಆದರೆ ಸಿದ್ಧಗಂಗೆ ದನಗಳ ಜಾತ್ರೆಗೆ ಹೋಗಿ ನೋಡಿ. ದಲ್ಲಾಳಿ ಮತ್ತೆ ಗಿರಾಕಿ ಕೈ ಮೇಲೆ ಟವೆಲ್ ಹಾಕ್ಕೊಂಡು ಕೆಳಗೆ ಬೆರಳು ಹಿಡೀತಾರೆ. ಬಾಯಲ್ಲಿ ಎತ್ತಿನ ಹಲ್ಲು, ಸುಳಿ, ನಡಿಗೆಯ ಮಾತು. ಬೆಲೆಯ ಮಾತು ಮಾತ್ರ ಬೆರಳಲ್ಲಿ. ಚುನಾವಣೆಯೂ ಹಾಗೇ. ಭಾಷಣ, ರೋಡ್ ಶೋ, ಪ್ರಣಾಳಿಕೆ ಎಲ್ಲಾ ಕೂಗಿ ಹೇಳೋ ಹರಾಜು. ಯಾವತ್ತು ಏನು ಮಾತಾಡಬೇಕು, ಎದುರಾಳಿಯ ಯಾವ ತಪ್ಪು ಹಿಡೀಬೇಕು, ಯಾವ ಚಾನೆಲ್‌ಗೆ ಯಾವ ಸುದ್ದಿ ಕೊಡಬೇಕು ಅನ್ನೋದೆಲ್ಲ ಟವೆಲ್ ಕೆಳಗಿನ ವ್ಯವಹಾರ. ಆ ಟವೆಲ್ಲನ್ನು ಒಂದಿಷ್ಟು ಎತ್ತಿ ತೋರಿಸಿದ್ದು ಈ ಚಿತ್ರ.

ಒಳಗೆ ಏನು ಕಾಣುತ್ತೆ? ಆ ಕಚೇರಿ ಗೋಡೆ ಮೇಲೆ ಒಂದು ಬೋರ್ಡ್ ಇತ್ತು. ಅದರಲ್ಲಿ ಮೂರೇ ಸಾಲು. ಬದಲಾವಣೆ ಬೇಕೋ ಇದ್ದದ್ದೇ ಮುಂದುವರಿಯಬೇಕೋ ಅನ್ನೋದು ಒಂದು. ವಿಷಯ ಆರ್ಥಿಕತೆ ಕಣೋ ದಡ್ಡ ಅನ್ನೋದು ಎರಡು. ಆರೋಗ್ಯ ಸೇವೆ ಮರೀಬೇಡಿ ಅನ್ನೋದು ಮೂರು. ಎರಡನೇ ಸಾಲು ಆಮೇಲೆ ಜಗತ್ತಿನಾದ್ಯಂತ ಗಾದೆ ಆಗಿಹೋಯ್ತು. ಆದರೆ ಅದು ಜನರಿಗೆ ಬರೆದ ಘೋಷಣೆ ಅಲ್ಲ ಅನ್ನೋದು ನೆನಪಿರಲಿ. ಪ್ರಚಾರದ ಹುಡುಗರು ದಾರಿ ತಪ್ಪಬಾರದು ಅಂತ ತಮಗೆ ತಾವೇ ಬರೆದುಕೊಂಡಿದ್ದು. ಪ್ರತಿ ಪ್ರಶ್ನೆಗೂ ಉತ್ತರ ಕೊಡ್ತಾ ಕೂತರೆ ಎದುರಾಳಿಯ ಕಣದಲ್ಲಿ ಆಡಿದ ಹಾಗೆ. ಯಾವ ಪ್ರಶ್ನೆ ಬಂದರೂ ಮೂರೇ ಮಾತಿಗೆ ಎಳೆದು ತರಬೇಕು. ಟಿವಿ ಚರ್ಚೆಯಲ್ಲಿ ನಾನು ಬೆಳೆ ವಿಮೆ ಬಗ್ಗೆ ಕೇಳಿದರೆ ವಕ್ತಾರರು ಇನ್ನೇನೋ ಹೇಳ್ತಾರಲ್ಲ, ಅದು ಅವರಿಗೆ ಪ್ರಶ್ನೆ ಅರ್ಥ ಆಗದೆ ಅಲ್ಲ. ಅವರ ಗೋಡೆ ಮೇಲೂ ಅಂಥದೊಂದು ಬೋರ್ಡ್ ಇರುತ್ತೆ.

ಇನ್ನೊಂದು ದೃಶ್ಯ ಸುದ್ದಿಮನೆಯವರು ನೋಡಲೇಬೇಕಾದದ್ದು. ಬುಷ್ ಅವರ ಪ್ರಚಾರ ಸಾಮಗ್ರಿ ಬ್ರೆಜಿಲ್‌ನಲ್ಲಿ ಪ್ರಿಂಟ್ ಆಗ್ತಿದೆ ಅನ್ನೋ ಸುಳಿವು ಕಾರ್ವಿಲ್ ತಂಡಕ್ಕೆ ಸಿಗುತ್ತೆ. ಅಮೆರಿಕದಲ್ಲಿ ಜನ ಕೆಲಸ ಕಳಕೊಂಡಿರೋ ಹೊತ್ತಲ್ಲಿ ಅಧ್ಯಕ್ಷರ ಪೋಸ್ಟರ್ ವಿದೇಶದಲ್ಲಿ! ಕಾರ್ವಿಲ್‌ಗೆ ಹಬ್ಬ. ಫೋನ್ ಮೇಲೆ ಫೋನ್. ಯಾವ ಚಾನೆಲ್ ತಗೊಳ್ಳುತ್ತೆ, ಯಾರಿಗೆ ಹೇಳಿದರೆ ಓಡುತ್ತೆ ಅನ್ನೋ ಲೆಕ್ಕ. ಕೊನೆಗೆ ಅದು ಅವರು ಅಂದುಕೊಂಡಷ್ಟು ದೊಡ್ಡ ಸುದ್ದಿ ಆಗೋದೇ ಇಲ್ಲ. ನೋಡುವವರಿಗೆ ಇದು ಸಣ್ಣ ಘಟನೆ. ನನಗೆ ಮಾತ್ರ ಎದೆ ಧಸಕ್ ಅಂತು. ಯಾಕೆಂದರೆ ಆ ಫೋನಿನ ಇನ್ನೊಂದು ತುದಿಯಲ್ಲಿ ಕೂತಿರುವವನು ನಾನು. ಸುದ್ದಿ ನಿಜವೋ ಅಲ್ಲವೋ ಅನ್ನೋದು ಒಂದು ಪ್ರಶ್ನೆ. ಅದು ಇವತ್ತೇ, ನನಗೇ ಯಾಕೆ ಬಂತು ಅನ್ನೋದು ಇನ್ನೊಂದು ಪ್ರಶ್ನೆ. ನಾನು ಎರಡನೆಯದನ್ನು ಕೇಳಿಕೊಂಡಿರಲೇ ಇಲ್ಲ.

ಮೂರನೇ ದೃಶ್ಯ ಚುನಾವಣೆಯ ಕೊನೇ ಗಳಿಗೆಯದು. ಯಾರೋ ಫೋನ್ ಮಾಡಿ ಕ್ಲಿಂಟನ್ ಖಾಸಗಿ ಬದುಕಿನ ಬಗ್ಗೆ ಒಂದು ಆರೋಪ ಹೊರಗೆ ಹಾಕ್ತೀನಿ ಅಂತಿದ್ದಾರೆ. ಸ್ಟೆಫನೊಪೊಲಸ್ ಗಟ್ಟಿಯಾಗಿ ಮಾತಾಡಲ್ಲ, ಬೈಯಲ್ಲ. ಸಮಾಧಾನವಾಗಿ, ಇದನ್ನು ಹೇಳಿದರೆ ನಿಮ್ಮನ್ನೇ ಜನ ನಗ್ತಾರೆ, ಸುಮ್ಮನಿದ್ದರೆ ಒಳ್ಳೇದು ಅನ್ನೋ ಅರ್ಥದಲ್ಲಿ ಮಾತಾಡಿ ಮುಗಿಸ್ತಾರೆ. ಬೆದರಿಕೆಯೂ ಅಲ್ಲ, ಬೇಡಿಕೆಯೂ ಅಲ್ಲ, ಎರಡರ ನಡುವೆ ಎಲ್ಲೋ. ಅಧಿಕಾರದ ಭಾಷೆ ಹೇಗಿರುತ್ತೆ ಅಂತ ತಿಳಿಯೋಕೆ ನೂರು ಭಾಷಣಕ್ಕಿಂತ ಆ ಒಂದು ಫೋನ್ ಸಾಕು.

ಇದೇ ಚಿತ್ರದಲ್ಲಿ ಮನಸ್ಸು ಮುಟ್ಟುವ ಮಾತೂ ಇದೆ. ಮತದಾನದ ಹಿಂದಿನ ರಾತ್ರಿ ಕಾರ್ವಿಲ್ ಆ ಹುಡುಗ ಹುಡುಗಿಯರ ಮುಂದೆ ನಿಂತು ದುಡಿಮೆ ಬಗ್ಗೆ ಮಾತಾಡ್ತಾ ಕಣ್ಣೀರಾಗ್ತಾರೆ. ಅಷ್ಟು ಹೊತ್ತು ತಂತ್ರ, ಕುತಂತ್ರ ಅಂತ ನೋಡಿದ ಮನುಷ್ಯ ಅಳೋದನ್ನು ನೋಡಿ ನಮಗೂ ಗಂಟಲು ಕಟ್ಟುತ್ತೆ. ಅದೇ ಕಾರ್ವಿಲ್ ಪ್ರೀತಿಸಿದ್ದು ಎದುರಾಳಿ ಬುಷ್ ಪ್ರಚಾರದಲ್ಲಿದ್ದ ಮೇರಿ ಮ್ಯಾಟಲಿನ್ ಅವರನ್ನು. 1993ರಲ್ಲಿ ಮದುವೆಯೂ ಆದರು. ತೆರೆ ಮೇಲೆ ಕಾಣುವ ಜಗಳ ತೆರೆ ಹಿಂದೆ ಎಷ್ಟಿರುತ್ತೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

1992ರ ನವೆಂಬರ್ 3ರ ಚುನಾವಣೆಯಲ್ಲಿ ಕ್ಲಿಂಟನ್‌ಗೆ ಸಿಕ್ಕಿದ್ದು 370 ಎಲೆಕ್ಟೋರಲ್ ಮತ, ಬುಷ್‌ಗೆ 168. ಜನರ ಮತ ನೋಡಿದರೆ ಕ್ಲಿಂಟನ್‌ಗೆ ಬಂದಿದ್ದು ಶೇಕಡಾ 43 ಮಾತ್ರ. ಪೆರೋ ಶೇಕಡಾ 19ರ ಹತ್ತಿರ ತಗೊಂಡಿದ್ದರು. ಅಂದರೆ ಗೆದ್ದಿದ್ದು ವಾರ್ ರೂಮ್ ಒಂದೇ ಅಲ್ಲ, ಲೆಕ್ಕಾಚಾರವೂ ಕೂಡಿ ಬಂತು. ಚಿತ್ರ 1993ರಲ್ಲಿ ಬಂತು, ಆಸ್ಕರ್‌ಗೆ ನಾಮನಿರ್ದೇಶನವೂ ಆಯ್ತು.

ಇಂಥ ಚಿತ್ರ ಸಾಧ್ಯ ಆಗಿದ್ದರ ಹಿಂದೆ ಒಂದು ತಾಂತ್ರಿಕ ಕಾರಣ ಇದೆ, ನನ್ನೊಳಗಿನ ಇಂಜಿನಿಯರ್ ಅದನ್ನು ಹೇಳದೆ ಬಿಡಲ್ಲ. 1950ರ ದಶಕದವರೆಗೂ ಧ್ವನಿ ಸಮೇತ ಚಿತ್ರೀಕರಣ ಅಂದರೆ ಭಾರದ ಕ್ಯಾಮೆರಾ, ಸ್ಟ್ಯಾಂಡ್, ಲೈಟು, ವೈರು. ಅಷ್ಟೆಲ್ಲ ತಂದು ಇಟ್ಟ ಕೋಣೆಯಲ್ಲಿ ಯಾರೂ ಸಹಜವಾಗಿ ಮಾತಾಡಲ್ಲ. 1960ರಲ್ಲಿ ರಾಬರ್ಟ್ ಡ್ರೂ ಎಂಬುವರ ತಂಡ ಹೆಗಲ ಮೇಲೆ ಹೊರುವಂಥ ಕ್ಯಾಮೆರಾ, ಕೈಯಲ್ಲಿ ಹಿಡಿಯುವಂಥ ಧ್ವನಿಮುದ್ರಣ ಯಂತ್ರ ತಗೊಂಡು ವಿಸ್ಕಾನ್ಸಿನ್ ರಾಜ್ಯಕ್ಕೆ ಹೋಯ್ತು. ಅಲ್ಲಿ ಜಾನ್ ಕೆನಡಿ ಮತ್ತು ಹ್ಯೂಬರ್ಟ್ ಹಂಫ್ರಿ ಒಂದೇ ಪಕ್ಷದ ಟಿಕೆಟ್‌ಗೆ ಸೆಣಸುತ್ತಿದ್ದರು. ಜನರ ನಡುವೆ ನುಗ್ಗಿಹೋಗುವ ಕೆನಡಿಯ ಬೆನ್ನ ಹಿಂದೆಯೇ ಕ್ಯಾಮೆರಾ ಹೋಗುತ್ತೆ. ಆ ಚಿತ್ರದ ಹೆಸರು 'ಪ್ರೈಮರಿ'. ಆ ತಂಡದಲ್ಲಿದ್ದ ಒಬ್ಬ ಯುವಕನೇ ಪೆನ್ನೆಬೇಕರ್. ಉಪಕರಣ ಸಣ್ಣದಾದಷ್ಟೂ ಬಾಗಿಲು ಹೆಚ್ಚು ತೆರೀತು.

ಹಾಗಾದರೆ ಇವತ್ತು ಎಲ್ಲರ ಜೇಬಲ್ಲೂ ಕ್ಯಾಮೆರಾ ಇದೆ, ಬಾಗಿಲು ಪೂರ್ತಿ ತೆರೆದಿರಬೇಕಲ್ವಾ? ಇಲ್ಲ. ಉಪಕರಣ ಒಂದೇ ಸಾಲದು, ಒಳಗೆ ಬಿಟ್ಟುಕೊಳ್ಳುವವರು ಬೇಕು, ಮುಗಿದ ಮೇಲೆ ತೋರಿಸೋಕೆ ಬಿಡುವವರೂ ಬೇಕು. ಈಗ ಪಕ್ಷಗಳೇ ತಮ್ಮ ಕ್ಯಾಮೆರಾ ಇಟ್ಟುಕೊಂಡು, ತಾವೇ ಎಡಿಟ್ ಮಾಡಿ 'ತೆರೆಮರೆಯ ದೃಶ್ಯ' ಅಂತ ಕಳಿಸ್ತವೆ. ನಾಯಕರು ಇಡ್ಲಿ ತಿನ್ನೋದು, ಕಾರಲ್ಲಿ ನಗೋದು, ಮೊಮ್ಮಕ್ಕಳ ಜೊತೆ ಆಡೋದು. ಅದು ಟವೆಲ್ ಎತ್ತಿದ್ದಲ್ಲ, ಟವೆಲ್‌ಗೆ ಕಸೂತಿ ಹಾಕಿದ್ದು.

'ದ ವಾರ್ ರೂಮ್' ಕೂಡ ಪೂರ್ತಿ ಸತ್ಯ ಅಂತ ನಂಬಬೇಕಾಗಿಲ್ಲ. ಕ್ಯಾಮೆರಾ ಇದೆ ಅಂತ ಅವರಿಗೆ ಗೊತ್ತಿತ್ತು. ಅದು ಗೆದ್ದವರ ಮನೆಯ ಚಿತ್ರ. ಸೋತ ಬುಷ್ ಅವರ ಕೋಣೆಯಲ್ಲಿ ಆ ರಾತ್ರಿ ಏನಾಯ್ತು ಅಂತ ಅದು ತೋರಿಸಲ್ಲ. ಆದರೂ ಒಂದು ದೊಡ್ಡ ವ್ಯತ್ಯಾಸ ಇದೆ. ಎಡಿಟಿಂಗ್ ಟೇಬಲ್ ಅಭ್ಯರ್ಥಿಯ ಕೈಯಲ್ಲಿ ಇರಲಿಲ್ಲ.

ಈಗ ನಮ್ಮ ಕಡೆಗೆ ಬರೋಣ. ನಮ್ಮಲ್ಲೂ ರಾಷ್ಟ್ರಪತಿ ಚುನಾವಣೆ ನಡೆಯುತ್ತೆ. ಅದಕ್ಕೆ ಪ್ರಚಾರ ಇದೆಯಾ? ನೀವು ರಾಷ್ಟ್ರಪತಿ ಅಭ್ಯರ್ಥಿಯ ರೋಡ್ ಶೋ ನೋಡಿರಲ್ಲ. ಯಾಕಂದರೆ ಮತ ಹಾಕೋದು ನೀವಲ್ಲ, ಚುನಾಯಿತ ಸಂಸದರು ಮತ್ತು ಶಾಸಕರು. ಒಬ್ಬ ಶಾಸಕರ ಮತಕ್ಕೆ ಒಂದು ಬೆಲೆ ಇರುತ್ತೆ. ರಾಜ್ಯದ 1971ರ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಮತ್ತೆ ಸಾವಿರದಿಂದ ಭಾಗಿಸಬೇಕು. ಕರ್ನಾಟಕಕ್ಕೆ ಅದು 131. ನಮ್ಮ ತುಮಕೂರು ಜಿಲ್ಲೆಯ 11 ಶಾಸಕರದ್ದು ಸೇರಿದರೆ 1,441. ಮತದಾನ ರಹಸ್ಯ, ಪಕ್ಷಗಳು ವಿಪ್ ಹೊರಡಿಸುವ ಹಾಗಿಲ್ಲ. ಜೊತೆಗೆ ಇಲ್ಲಿ ಒಬ್ಬರಿಗೇ ಮತ ಹಾಕಿ ಸುಮ್ಮನಾಗೋದಲ್ಲ, ಮೊದಲ ಪ್ರಾಶಸ್ತ್ಯ, ಎರಡನೇ ಪ್ರಾಶಸ್ತ್ಯ ಅಂತ ಬರೀಬಹುದು. ಮೊದಲ ಸುತ್ತಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ, ಹಿಂದೆ ಬಿದ್ದವರ ಮತಪತ್ರದಲ್ಲಿ ಎರಡನೇ ಹೆಸರು ಯಾರದ್ದು ಅಂತ ನೋಡ್ತಾರೆ. ಅಂದರೆ ಇಡೀ ಪ್ರಚಾರವೇ ಟವೆಲ್ ಕೆಳಗೆ.

ಅಂಥ ಪ್ರಚಾರದ ಅತಿ ದೊಡ್ಡ ಕಥೆ ಶುರುವಾಗಿದ್ದು ದೆಹಲಿಯಲ್ಲಲ್ಲ, ನಮ್ಮ ಬೆಂಗಳೂರಿನಲ್ಲಿ. 1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಜುಲೈನಲ್ಲಿ ಲಾಲ್‌ಬಾಗ್‌ನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ. ಆಗ ಕಾಂಗ್ರೆಸ್ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪ. ಬೆಂಗಳೂರಲ್ಲೇ ಸೇರಿದ ಪಕ್ಷದ ಸಂಸದೀಯ ಮಂಡಳಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರ ಇಚ್ಛೆಗೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿಯವರ ಹೆಸರು ಪಾಸಾಯ್ತು. ಇಂದಿರಾ ಸಿಟ್ಟು ನುಂಗಿಕೊಂಡು ರೆಡ್ಡಿಯವರ ನಾಮಪತ್ರಕ್ಕೆ ಸೂಚಕರಾಗಿ ಸಹಿಯನ್ನೂ ಹಾಕಿದರು. ಅದೇ ಹೊತ್ತಿಗೆ ಮೊರಾರ್ಜಿ ದೇಸಾಯಿ ಅವರಿಂದ ಹಣಕಾಸು ಖಾತೆ ಕಿತ್ತುಕೊಂಡರು, ಜುಲೈ 19ಕ್ಕೆ 14 ಬ್ಯಾಂಕ್‌ಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆ ಬಂತು. ಅದಕ್ಕೆ ಸಹಿ ಹಾಕಿದವರು ಹಂಗಾಮಿ ರಾಷ್ಟ್ರಪತಿ ವಿ.ವಿ. ಗಿರಿ. ಮಾರನೇ ದಿನವೇ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ಕಣಕ್ಕಿಳಿದರು.

ಆಮೇಲೆ ಬೆರಳಾಟ. ಜನಸಂಘ, ಸ್ವತಂತ್ರ ಪಕ್ಷಗಳ ಅಭ್ಯರ್ಥಿ ಸಿ.ಡಿ. ದೇಶಮುಖ್. ನಿಜಲಿಂಗಪ್ಪ ಆ ಪಕ್ಷಗಳ ನಾಯಕರನ್ನು ಭೇಟಿ ಮಾಡಿ ಎರಡನೇ ಪ್ರಾಶಸ್ತ್ಯವನ್ನು ರೆಡ್ಡಿಯವರಿಗೆ ಕೊಡಿ ಅಂತ ಕೇಳಿದರು. ಲೆಕ್ಕದ ದೃಷ್ಟಿಯಿಂದ ಸರಿಯಾದ ಹೆಜ್ಜೆ. ಆದರೆ ಇಂದಿರಾ ಬಣ ಅದನ್ನೇ ಹಿಡೀತು. ನೋಡಿ, ನಮ್ಮ ಅಧ್ಯಕ್ಷರು ವಿರೋಧಿಗಳ ಜೊತೆ ಕೈ ಜೋಡಿಸಿದ್ದಾರೆ, ಆದ್ದರಿಂದ ಆತ್ಮಸಾಕ್ಷಿ ಪ್ರಕಾರ ಮತ ಹಾಕಿ ಅಂತ ಕರೆ ಹೊರಟಿತು. ಆಗಸ್ಟ್ 16ಕ್ಕೆ ಮತದಾನ, 20ಕ್ಕೆ ಎಣಿಕೆ. ಮೊದಲ ಸುತ್ತಿನಲ್ಲಿ ಗಿರಿಗೆ 4,01,515, ರೆಡ್ಡಿಗೆ 3,13,548, ದೇಶಮುಖ್‌ಗೆ 1,12,769. ಗೆಲ್ಲೋಕೆ ಬೇಕಿದ್ದದ್ದು 4,18,169. ಎರಡನೇ ಪ್ರಾಶಸ್ತ್ಯ ಎಣಿಸಿದಾಗ ರೆಡ್ಡಿ 4,05,427ಕ್ಕೆ ಏರಿದರು, ಗಿರಿ 4,20,077ಕ್ಕೆ ತಲುಪಿದರು. ಬೇಕಾದ್ದಕ್ಕಿಂತ ಬರೀ 1,908 ಹೆಚ್ಚು. ಇವತ್ತಿನ ಕರ್ನಾಟಕದ ಶಾಸಕರ ಮತದ ಬೆಲೆ ಹಿಡಿದರೆ ಅದು 15 ಶಾಸಕರಷ್ಟೂ ಆಗಲ್ಲ. ನವೆಂಬರ್‌ನಲ್ಲಿ ಕಾಂಗ್ರೆಸ್ಸೇ ಇಬ್ಭಾಗ ಆಯ್ತು. ದೇಶದ ರಾಜಕಾರಣದ ದಿಕ್ಕು ಬದಲಾಗಿದ್ದು ಅಷ್ಟು ಸಣ್ಣ ಅಂತರದಲ್ಲಿ.

ಆ ಚುನಾವಣೆಯಲ್ಲಿ ಇನ್ನೊಂದು ನಡೀತು. ರೆಡ್ಡಿಯವರ ಚಾರಿತ್ರ್ಯದ ಮೇಲೆ ಕೆಸರೆರಚುವ ಒಂದು ಕರಪತ್ರ ಮತದಾರರ ಕೈ ಸೇರಿತು. ಹೆಸರಿಲ್ಲದ ಕರಪತ್ರ. ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ರಾಷ್ಟ್ರಪತಿ ಆಗಿದ್ದಾಗಲೇ ಗಿರಿಯವರು ನ್ಯಾಯಾಲಯಕ್ಕೆ ಬಂದು ಸಾಕ್ಷಿ ಹೇಳಿದರು. 1970ರಲ್ಲಿ ಅರ್ಜಿ ವಜಾ ಆಯ್ತು, ಗೆಲುವು ಉಳೀತು. ಆದರೆ ಆ ಕರಪತ್ರವನ್ನು ಇವತ್ತಿನ ವಾಟ್ಸಾಪ್ ಜೊತೆ ಇಟ್ಟು ನೋಡಿ. ಕಳಿಸಿದವರ ಹೆಸರಿಲ್ಲ, ತಲುಪಬೇಕಾದವರಿಗೆ ಸರಿಯಾಗಿ ತಲುಪಿದೆ. ಐವತ್ತು ವರ್ಷದಲ್ಲಿ ಕಾಗದ ಹೋಗಿ ಫೋನ್ ಬಂದಿದೆ, ಅಷ್ಟೇ.

ಗಾಜಿನ ಮನೆ ಅಂದರೆ ಎಲ್ಲಾ ಕಡೆಯಿಂದ ಒಳಗೆ ಕಾಣಬೇಕು. ಆದರೆ 1969ರ ಆ ದಿನಗಳ ಒಳಮಾತು ನಮಗೆ ಗೊತ್ತಾಗಿದ್ದು ನಿಜಲಿಂಗಪ್ಪನವರು ಬರೆದಿಟ್ಟ ದಿನಚರಿಯಂಥ ದಾಖಲೆಗಳಿಂದ, ಎಲ್ಲಾ ಮುಗಿದ ಮೇಲೆ. ಕ್ಯಾಮೆರಾ ಇರಲಿಲ್ಲ. ಒಬ್ಬ ಮನುಷ್ಯ ರಾತ್ರಿ ಕೂತು ಬರೆದುಕೊಂಡ ಕೆಲವು ಸಾಲೇ ನಮ್ಮ ವಾರ್ ರೂಮ್.

ಇತ್ತೀಚೆಗೆ ನಮ್ಮ ದೇಶದಲ್ಲೂ ಒಂದು ಪ್ರಯತ್ನ ಆಯ್ತು. ಖುಷ್ಬೂ ರಾಂಕಾ ಮತ್ತು ವಿನಯ್ ಶುಕ್ಲಾ ಎಂಬ ಯುವ ನಿರ್ದೇಶಕರು ಆಮ್ ಆದ್ಮಿ ಪಕ್ಷದ ಒಳಗೆ ಕ್ಯಾಮೆರಾ ಇಟ್ಟು, 2013ರ ದೆಹಲಿ ಚುನಾವಣೆಯನ್ನು ಚಿತ್ರೀಕರಿಸಿದರು. ಚಿತ್ರದ ಹೆಸರು 'ಆ್ಯನ್ ಇನ್‌ಸಿಗ್ನಿಫಿಕೆಂಟ್ ಮ್ಯಾನ್'. ಸೆನ್ಸಾರ್ ಮಂಡಳಿ ಹೇಳಿದ್ದೇನು ಗೊತ್ತಾ? ಚಿತ್ರದಲ್ಲಿ ಕಾಣಿಸುವ ನರೇಂದ್ರ ಮೋದಿ, ಶೀಲಾ ದೀಕ್ಷಿತ್, ಅರವಿಂದ ಕೇಜ್ರಿವಾಲ್ ಅವರಿಂದ ನಿರಾಕ್ಷೇಪಣಾ ಪತ್ರ ತನ್ನಿ ಅಂತ. ದನದ ಜಾತ್ರೆಯಲ್ಲಿ ಫೋಟೋ ತೆಗೆಯೋಕೆ ದಲ್ಲಾಳಿಯ ಒಪ್ಪಿಗೆ ಕೇಳಿದ ಹಾಗೆ. ಮೇಲ್ಮನವಿ ನ್ಯಾಯಮಂಡಳಿ ಅದನ್ನು ಒಪ್ಪಲಿಲ್ಲ, ತಡೆ ಕೊಡೋಕೆ ಸುಪ್ರೀಂ ಕೋರ್ಟೂ ನಿರಾಕರಿಸಿತು, 2017ರ ನವೆಂಬರ್‌ನಲ್ಲಿ ಚಿತ್ರ ತೆರೆ ಕಂಡಿತು. ದಾರಿ ಮುಚ್ಚಿಲ್ಲ ಅನ್ನೋದಕ್ಕೆ ಇದೇ ಆಧಾರ.

2019ಕ್ಕೆ ವಾಪಸ್ ಬರ್ತೀನಿ. ತುಮಕೂರಿನಲ್ಲಿ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರೇ ಅಭ್ಯರ್ಥಿ. ಎದುರಿಗೆ ಜಿ.ಎಸ್. ಬಸವರಾಜು. ಇಡೀ ದೇಶದ ಕಣ್ಣು ನಮ್ಮ ಜಿಲ್ಲೆ ಮೇಲೆ. ಫಲಿತಾಂಶ ಬಂದಾಗ ಗೌಡರು 13,339 ಮತಗಳಿಂದ ಸೋತಿದ್ದರು. ನಾವು ಟಿವಿಯಲ್ಲಿ ಜಾತಿ ಲೆಕ್ಕ, ಒಳಏಟು, ಹೇಮಾವತಿ ನೀರು ಅಂತ ಗಂಟೆಗಟ್ಟಲೆ ವಿಶ್ಲೇಷಣೆ ಮಾಡಿದೆವು. ಆ ಎರಡೂ ಕಡೆಯ ಕೋಣೆಗಳಲ್ಲಿ ಕೂತು ಒಂದು ದಿನವಾದರೂ ಕ್ಯಾಮೆರಾ ಓಡಿಸಿದ್ದರೆ ನಮ್ಮ ವಿಶ್ಲೇಷಣೆಯಲ್ಲಿ ಎಷ್ಟು ನಿಲ್ಲುತ್ತಿತ್ತೋ. ನಾನು ಓದಿದ ಆ ಚಾರ್ಟ್ ಅಂತೂ ನಿಲ್ಲಲಿಲ್ಲ. ನಾನು ತೆರೆ ಮೇಲೆ ಅದನ್ನು ತಿದ್ದಿಕೊಳ್ಳಲೂ ಇಲ್ಲ. ಚುನಾವಣೆ ಮುಗೀತು, ಮುಂದಿನ ಸುದ್ದಿಗೆ ಹೋದೆ. ಇವತ್ತು ಈ ಬರಹದಲ್ಲಿ ಹೇಳ್ತಿದ್ದೀನಿ: ಅದು ನನ್ನ ತಪ್ಪು.

ಒಂದು ಕೊನೇ ಸಂಗತಿ. 'ದ ವಾರ್ ರೂಮ್'ನಲ್ಲಿ ಚಾನೆಲ್‌ಗಳನ್ನು ಪಳಗಿಸ್ತಿದ್ದ ಆ ಸ್ಟೆಫನೊಪೊಲಸ್ ಮುಂದೆ ಏನಾದರು ಗೊತ್ತಾ? ಅಮೆರಿಕದ ದೊಡ್ಡ ಸುದ್ದಿ ಸಂಸ್ಥೆ ಎಬಿಸಿಯಲ್ಲಿ ಆ್ಯಂಕರ್ ಆದರು. ಫೋನಿನ ಆ ತುದಿಯಿಂದ ಈ ತುದಿಗೆ ಬಂದು ಕೂತರು. ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಎರಡು ತುದಿಯ ನಡುವಿನ ದೂರ ಅಷ್ಟು ಕಡಿಮೆ ಅಂತ ಮಾತ್ರ ಹೇಳ್ತಿದ್ದೀನಿ.

ಹಾಗಾಗಿ ಮುಂದಿನ ಚುನಾವಣೆಯಲ್ಲಿ ನಾನಾಗಲಿ, ಇನ್ಯಾರೇ ಆಗಲಿ 'ಮೂಲಗಳ ಪ್ರಕಾರ' ಅಂದಾಗ ನೀವು ಮೂರು ಪ್ರಶ್ನೆ ಕೇಳಿ. ಇದನ್ನು ಯಾರು ಕೊಟ್ಟರು? ಇವತ್ತೇ ಯಾಕೆ ಕೊಟ್ಟರು? ಇದು ಓಡಿದರೆ ಲಾಭ ಯಾರಿಗೆ? ಸಮೀಕ್ಷೆ ಆದರೆ ನಾಲ್ಕನೇದು: ಎಷ್ಟು ಜನರನ್ನು, ಎಲ್ಲಿ ಕೇಳಿದರು? ಉತ್ತರ ಇಲ್ಲ ಅಂದರೆ ರಿಮೋಟ್ ನಿಮ್ಮ ಕೈಯಲ್ಲೇ ಇದೆ.

ಹೋದ ತಿಂಗಳು ಮತ್ತೆ ಅಂತರಸನಹಳ್ಳಿಗೆ ಹೋಗಿದ್ದೆ. ಟೊಮ್ಯಾಟೊಗೆ ಬೆಲೆ ಇರಲಿಲ್ಲ, ದೊಡ್ಡಪ್ಪನ ಮುಖ ಬಾಡಿತ್ತು. ಹರಾಜು ಕೂಗುವವನು ಇವರ ಬಾಕ್ಸ್ ಹತ್ತಿರ ಬಂದು ಒಂದು ದರ ಹೇಳಿದ. ದೊಡ್ಡಪ್ಪ ಅವನನ್ನೇ ನೋಡಿ ಕೇಳಿದರು: "ಈ ರೇಟ್ನ ನಿಂಗೆ ಯಾರಪ್ಪಾ ಹೇಳ್ಕೊಟ್ಟಿದ್ದು?"

ಅವನು ತಡವರಿಸಿದ. ನಾನು ತಲೆ ತಗ್ಗಿಸಿಕೊಂಡು ಬಾಕ್ಸ್ ಜೋಡಿಸತೊಡಗಿದೆ.